ಪತ್ತೇದಾರನ ಅಡ್ಡಹೆಸರುಗಳು

ಇಂಗ್ಲಿಷ್ ಕಥೆಗಳನ್ನು ಕನ್ನಡಕ್ಕೆ ತರುವಾಗ ಡಿಟೆಕ್ಟಿವ್, ಸ್ಲೂತ್, ಗಮ್‌ಶೂ, ಪ್ರೈವೇಟ್ ಐ ಎಂಬ ನಾಲ್ಕು ಮಾತುಗಳಿಗೂ ‘ಪತ್ತೇದಾರ’ ಎಂಬ ಒಂದೇ ಪದವನ್ನಿಟ್ಟು ನಾವು ಸುಮ್ಮನಾಗುತ್ತೇವೆ. ಅರ್ಥಕ್ಕೆ ಲೋಪವಿಲ್ಲ, ಆದರೆ ಆ ಮಾತನ್ನಾಡಿದವನ ದನಿ ಅಳಿಸಿಹೋಗುತ್ತದೆ.

‘ಡಿಟೆಕ್ಟಿವ್’ ಕಡತದ ಪದ. ಮುಚ್ಚಿದ್ದನ್ನು ತೆರೆಯುವುದು ಎಂಬರ್ಥದ ಲ್ಯಾಟಿನ್ ಮೂಲದ್ದು. 1842ರಲ್ಲಿ ಲಂಡನ್ ಪೊಲೀಸರು ಪತ್ತೆ ವಿಭಾಗವನ್ನು ಸ್ಥಾಪಿಸಿದ ಕಾಲದಲ್ಲಿ ಬಳಕೆಗೆ ಬಂದಿತು. ಬೀದಿಯ ಮಾತುಗಳ ಹುಟ್ಟು ಬೇರೆ. ‘ಸ್ಲೂತ್’ ಎಂದರೆ ಮೂಲದಲ್ಲಿ ಜಾಡು. ಜಾಡು ಹಿಡಿಯುವ ನಾಯಿ ‘ಸ್ಲೂತ್‌ಹೌಂಡ್’. 19ನೆಯ ಶತಮಾನದ ಅಮೆರಿಕದಲ್ಲಿ ಆ ನಾಯಿಯ ಹೆಸರು ಮೊಟಕುಗೊಂಡು ಮನುಷ್ಯನಿಗೆ ಅಂಟಿತು. ‘ಗಮ್‌ಶೂ’ ರಬ್ಬರಿನ ಮೆಟ್ಟು. ಸದ್ದಿಲ್ಲದೆ ಬೆನ್ನು ಹತ್ತುವವನಿಗೆ ಅವನ ಮೆಟ್ಟೇ ಹೆಸರಾಯಿತು. ‘ಪ್ರೈವೇಟ್ ಐ’ ಎಂಬುದಕ್ಕೆ ಎರಡು ವಿವರಣೆಗಳುಂಟು: ‘ಇನ್ವೆಸ್ಟಿಗೇಟರ್’ ಪದದ ಮೊದಲಕ್ಷರ ‘ಐ’, ಉಚ್ಚಾರದಲ್ಲಿ ಕಣ್ಣೂ ಹೌದು, ಅಮೆರಿಕದ ಪಿಂಕರ್‌ಟನ್ ಪತ್ತೇದಾರಿ ಸಂಸ್ಥೆಯ ಲಾಂಛನವೂ ‘ನಾವು ನಿದ್ರಿಸುವುದಿಲ್ಲ’ ಎಂಬ ಘೋಷಣೆಯೊಡನೆ ತೆರೆದ ಕಣ್ಣೇ. ನಮ್ಮ ದೇಶದಲ್ಲಿ ಬಂಗಾಳಿಗಳು ‘ಡಿಟೆಕ್ಟಿವ್’ ಪದವನ್ನೇ ನುಲಿದು ‘ಟಿಕ್‌ಟಿಕಿ’ ಎಂದರು. ಹಾಗೆಂದರೆ ಹಲ್ಲಿ! ಗೋಡೆಗಂಟಿ ಮನೆಯ ಮಾತನ್ನೆಲ್ಲ ಕೇಳುವ ಜೀವಿಗೆ ಇದಕ್ಕಿಂತ ಒಪ್ಪುವ ಗೇಲಿ ಬೇಕೆ?

ನಾಯಿ, ಮೆಟ್ಟು, ಹಲ್ಲಿ: ಇವು ಯಾವುವೂ ಪತ್ತೇದಾರ ತಾನಾಗಿ ಇಟ್ಟುಕೊಳ್ಳುವ ಹೆಸರುಗಳಲ್ಲ. ನಿಘಂಟಿನ ಪದ ಅವನನ್ನು ಅವನ ಒಡೆಯನ ಕಡೆಯಿಂದ ನೋಡುತ್ತದೆ. ಬೀದಿಯ ಪದ, ಅವನಿಗೆ ಅಂಜುವವರ ಕಡೆಯಿಂದ. ಅನುವಾದದಲ್ಲಿ ನಾವು ಕಳೆದುಕೊಳ್ಳುವುದು ಈ ಎರಡನೆಯ ನೋಟವನ್ನು.

ಕನ್ನಡಕ್ಕೆ ಆ ನೋಟವಿಲ್ಲವೆಂದಲ್ಲ. ಪತ್ತೇದಾರ, ಗೂಢಚಾರ, ಬೇಹುಗಾರ ಎಂಬ ಗಂಭೀರ ಪದಗಳ ಪಕ್ಕದಲ್ಲೇ ‘ಬಂದ ನೋಡು, ದೊಡ್ಡ ಸಿಐಡಿ’ ಎಂಬ ಮಾತಿದೆ. ಪರರ ಗುಟ್ಟು ಕೆದಕುವವನನ್ನು ಹಂಗಿಸಲು ಇಲಾಖೆಯ ಹೆಸರನ್ನೇ ಜನ ಎಳೆತಂದಿದ್ದಾರೆ.

ಹೊರನಾಡಿನ ನಮಗೆ ಇದು ಕೇವಲ ಪದಕುತೂಹಲವಲ್ಲ. ನಮ್ಮ ಕನ್ನಡ ಮನೆಯಲ್ಲಿದೆ, ಸಂಘದಲ್ಲಿದೆ, ಪುಸ್ತಕದಲ್ಲಿದೆ, ಬೀದಿಯಲ್ಲಿಲ್ಲ. ಜಗಳ, ಚೌಕಾಸಿ, ಗೇಲಿಗಳನ್ನು ನಾವು ಮರಾಠಿ, ತಮಿಳು, ಹಿಂದಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ಮುಂಬಯಿಯ ನಮ್ಮ ಮಕ್ಕಳಿಗೆ ಪೊಲೀಸರ ಮಾಹಿತಿದಾರ ‘ಖಬರಿ’ ಎಂದು ಗೊತ್ತು. ಕನ್ನಡದಲ್ಲಿ ಅವನನ್ನು ಹಂಗಿಸುವ ಬಗೆ ಗೊತ್ತಿಲ್ಲ. ಗೌರವದ ಪದಗಳಷ್ಟೇ ಉಳಿದ ಭಾಷೆ ಸಮಾರಂಭದ ಭಾಷೆಯಾದೀತು.

ಆದುದರಿಂದ ಅನುವಾದಕರಲ್ಲಿ ನಮ್ಮ ಕೋರಿಕೆ ಇಷ್ಟೆ: ಅಧಿಕಾರಿಯ ಬಾಯಲ್ಲಿ ‘ಪತ್ತೇದಾರ’ನೇ ಇರಲಿ; ಕಳ್ಳನ ಬಾಯಲ್ಲಿ ಮಾತ್ರ ಅವನು ‘ಸಿಐಡಿ’ಯಾಗಲಿ.