ಪಿ.ಜಿ. ಮಾಲೀಕರ ನೆಪಗಳಿಗೆ ಉತ್ತರ

ಮಾರತ್ತಹಳ್ಳಿ, ಮುನ್ನೇಕೊಳಾಲು, ಕುಂದಲಹಳ್ಳಿ ಸುತ್ತಿನ ಪಿ.ಜಿ., ಲಾಡ್ಜ್ ಮಾಲೀಕರಿಗೆ ಕಸ ಬೇರ್ಪಡಿಸಿ ಎಂದರೆ ಉತ್ತರ ನಾಲಗೆ ತುದಿಯಲ್ಲೇ ಇರುತ್ತದೆ.

‘ತೆರಿಗೆ ಕಟ್ಟುತ್ತೇವೆ, ಕಸ ಪಾಲಿಕೆಯ ಕೆಲಸ.’ ಒಯ್ಯುವುದು ಪಾಲಿಕೆಯ ಕೆಲಸ, ಬೇರ್ಪಡಿಸುವುದು ಕಸ ಮಾಡಿದವರದು. 2015ರ ಡಿಸೆಂಬರ್‌ನಲ್ಲೇ ಹೈಕೋರ್ಟ್ ಬೆಂಗಳೂರಿಗೆ ಕಸ ಬೇರ್ಪಡಿಸುವ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ‘ನಮ್ಮಲ್ಲಿ ದಿನಕ್ಕೆ 100 ಕೆ.ಜಿ. ಆಗುವುದಿಲ್ಲವಲ್ಲ’ ಎನ್ನುವವರಿದ್ದಾರೆ. ಘನತ್ಯಾಜ್ಯ ನಿಯಮದಲ್ಲಿ ಆ ಮಿತಿ ಇರುವುದು ಸಗಟು ಉತ್ಪಾದಕರನ್ನು ಗುರುತಿಸಲು. ಬೇರ್ಪಡಿಸುವ ಹೊಣೆ ಒಂದು ಕೋಣೆಯ ಮನೆಗೂ ಇದೆ.

‘ಹುಡುಗರು ಮಾತು ಕೇಳುವುದಿಲ್ಲ, ಮೂರು ತಿಂಗಳಿಗೆ ಬೇರೆಯವರು ಬರುತ್ತಾರೆ.’ ಅದೇ ಹುಡುಗರು ಗೇಟ್ ಹಾಕುವ ಹೊತ್ತಿಗೆ ಒಳಗಿರುತ್ತಾರೆ, ಗೀಸರ್ ಸಮಯಕ್ಕೆ ಏಳುತ್ತಾರೆ. ಆಧಾರ್ ಪ್ರತಿ ತೆಗೆದುಕೊಳ್ಳುವ ದಿನವೇ ಕಸದ ನಿಯಮವನ್ನೂ ಹೇಳಿ. ಕೆಳಗೆ ಒಂದೇ ಡ್ರಮ್ ಇಟ್ಟು ಐದನೇ ಮಹಡಿಯವರನ್ನು ಬೈದರೆ ಏನು ಬಂತು? ಮಹಡಿಗೊಂದು ಜೊತೆ ಬಕೆಟ್ ಇಡಿ.

ಜಾಗವಿಲ್ಲ ಎಂಬುದನ್ನು ಒಪ್ಪುತ್ತೇನೆ. 30x40 ಸೈಟಿನಲ್ಲಿ ಗೊಬ್ಬರ ಮಾಡುವುದು ಕಷ್ಟ. ಆದರೆ ಹಸಿ ಕಸವನ್ನು ಬೇರೆ ಕೊಡಲು ಬೇಕಾದದ್ದು ಇನ್ನೊಂದು ಡ್ರಮ್ ಹಿಡಿಸುವಷ್ಟು ಜಾಗ.

‘ಊಟ ಉಳಿದೇ ಉಳಿಯುತ್ತದೆ.’ ಈ ಮಾತನ್ನಂತೂ ನಾನು ಒಪ್ಪುವುದಿಲ್ಲ. ಶುಕ್ರವಾರ, ಶನಿವಾರ ಅರ್ಧ ಜನ ಊರಿಗೆ ಹೋಗಿರುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಆರ್ಡರ್ ಮಾಡುತ್ತಾರೆ. ಅಡುಗೆ ಮಾತ್ರ ಪೂರ್ತಿ ಲೆಕ್ಕಕ್ಕೇ ಆಗುತ್ತದೆ. ರಾತ್ರಿ ಹತ್ತೂವರೆಗೆ ಪಾತ್ರೆ ತುಂಬ ಅನ್ನ ಡ್ರಮ್ಮಿಗೆ ಬೀಳುತ್ತದೆ. ಅದರ ಮೇಲೆ ಅರ್ಧ ಗ್ರೇವಿ ಉಳಿದ ಪಾರ್ಸಲ್ ಡಬ್ಬಿಗಳು. ಸಾಂಬಾರ್ ಸುರಿದ ರಟ್ಟನ್ನು ಒಣ ಕಸದವರೂ ಮುಟ್ಟುವುದಿಲ್ಲ. ಸಂಜೆ ನಾಲ್ಕಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ‘ರಾತ್ರಿ ಯಾರ್ಯಾರು ಊಟಕ್ಕಿದ್ದೀರಿ?’ ಎಂದು ಕೇಳಿ, ಅಕ್ಕಿಯನ್ನು ಎರಡು ಸಲಕ್ಕೆ ಇಡಿ. ಉಳಿಯುವ ಅಕ್ಕಿ, ಗ್ಯಾಸು ನಿಮ್ಮವೇ. ಯಾವ ದಿನ ಎಷ್ಟು ಉಳಿಯುತ್ತದೆಂದು ಅಡುಗೆಯವರಿಗೆ ಗೊತ್ತು. ಅವರನ್ನು ಯಾರೂ ಕೇಳುವುದಿಲ್ಲ, ಅಷ್ಟೆ.

ಕೊನೆಯದು, ‘ಟಿಪ್ಪರ್‌ನವರು ಎಲ್ಲ ಒಟ್ಟಿಗೇ ಸುರಿಯುತ್ತಾರೆ’. ಹಾಗೆ ಮಾಡಿದರೆ ಅದು ತಪ್ಪು, ದೂರು ಕೊಡಿ, ನಾನೂ ಸಹಿ ಹಾಕುತ್ತೇನೆ. ಆದರೆ ನೀವೇ ಬೆರೆಸಿ ಕೊಟ್ಟ ಚೀಲದಲ್ಲಿ ಅನ್ನದ ನಡುವಿನ ಬ್ಲೇಡು ಕೊಯ್ಯುವುದು ಪೌರಕಾರ್ಮಿಕರ ಕೈಯನ್ನು. ಬೆರೆತ ಕಸ ಎಲ್ಲಿಗೆ ಹೋಗುತ್ತಿತ್ತೆಂದು ನಮ್ಮದೇ ಬೆಂಗಳೂರು ಪೂರ್ವ ತಾಲ್ಲೂಕಿನ ಮಂಡೂರಿನವರನ್ನು ಕೇಳಿ. ಕೊಳೆತ ನಾತ, ಕೆಟ್ಟ ನೀರು ಎಂದು ವರ್ಷಗಟ್ಟಲೆ ಹೋರಾಡಿ, 2014ರ ಕೊನೆಗೆ ಅವರು ಲಾರಿಗಳನ್ನು ನಿಲ್ಲಿಸಬೇಕಾಯಿತು.