ಟಿವಿಗಿಂತ ಮೊದಲು ತಂತಿಯನ್ನು ನೋಡಿರಿ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದಾರೆ. ಗೃಹಪ್ರವೇಶಕ್ಕೆ ಕರೆದರೆ ಸಂತೋಷದಿಂದ ಹೋಗುತ್ತೇನೆ. ಹೊಳೆಯುವ ಗ್ರಾನೈಟ್, ತೇಗದ ಬಾಗಿಲು, ಪಡಸಾಲೆಯ ಗೋಡೆ ತುಂಬುವಂಥ ಟಿವಿ. ಆದರೆ ಆ ಟಿವಿಗೆ ಬರುವ ತಂತಿ ಮಾತ್ರ ಮಾಳಿಗೆಯಿಂದ ಜೋತುಬಿದ್ದು, ಕಿಟಕಿಯ ಸಂದಿನಲ್ಲಿ ಸಿಕ್ಕು ಚಪ್ಪಟೆಯಾಗಿ ಒಳಗೆ ಬಂದಿರುತ್ತದೆ. ಕರೆಂಟಿನ ತಂತಿಗಾಗಿ ಗೋಡೆ ಕೊರೆಸುವ ದಿನವೇ, ನಾವು ಡಿಶ್ ವೈರ್ ಎನ್ನುವ ಕೋಆಕ್ಸಿಯಲ್ ಕೇಬಲಿಗೂ ಪ್ರತ್ಯೇಕವಾದ ಪೈಪೊಂದನ್ನು ಹಾಕಿಸಿಬಿಡಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

‘ಸರ್, ಈಗ ಎಲ್ಲಾ ಮೊಬೈಲ್‌ನಾಗ ಬರ್ತದ ಬಿಡ್ರಿ’ ಎನ್ನುವವರಿದ್ದಾರೆ. ಪಟ್ಟಣದವರಿಗೆ ಅದು ಸರಿ. ಊರಿನಿಂದ ದೂರ, ಲಿಂಬೆಯ ತೋಟದಲ್ಲೋ ತೊಗರಿಯ ಹೊಲದಲ್ಲೋ ಮನೆ ಮಾಡಿಕೊಂಡವನಿಗೆ ತಿಂಗಳ ಬಾಡಿಗೆ ಕೇಳದ ಡಿಡಿ ಫ್ರೀ ಡಿಶ್ ಇಂದಿಗೂ ದೊಡ್ಡ ಆಸರೆ. ಆಗ್ನೇಯಕ್ಕೆ ಮುಖ ಮಾಡಿ ತಟ್ಟೆಯೊಂದನ್ನು ನಿಲ್ಲಿಸಿದರಾಯಿತು.

ಆಕಾಶದಿಂದ ಇಳಿಯುವ ಪಾಠಕ್ಕೂ ನಮ್ಮ ಜಿಲ್ಲೆಗೂ ಹಳೆಯ ನಂಟಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಸಂಸ್ಥೆಯು ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಪ್ರಯೋಗ ನಡೆಸಿತು. 6 ರಾಜ್ಯಗಳ ಸುಮಾರು 2400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಆಯ್ಕೆಯಾದದ್ದು ಅಂದಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ತಂತಿಜಾಲರಿಯಿಂದ ಮಾಡಿದ 3 ಮೀಟರ್ ಅಗಲದ ಡಿಶ್, ಊರಿಗೊಂದು ಟಿವಿ. ಮುಂಜಾನೆ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಒಕ್ಕಲುತನ, ಆರೋಗ್ಯ. ಬೆಂಗಳೂರಿನ ಮನೆಗಳಲ್ಲಿ ಟಿವಿ ಇನ್ನೂ ಕಾಣದಿದ್ದ ಕಾಲದಲ್ಲಿ ನಮ್ಮ ಹಳ್ಳಿಗರು ಅದರ ಮುಂದೆ ಕುಳಿತಿದ್ದರು! ಈ ಮಾತನ್ನು ಬೆಂಗಳೂರಿನ ಬಂಧುಗಳಿಗೆ ಆಗಾಗ ನೆನಪಿಸುವುದು ನನಗೆ ಇಷ್ಟ.

ಅದೇ ಪಾಠ 2020ರಲ್ಲಿ ಮರಳಿ ಬಂತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ಜುಲೈ ತಿಂಗಳಲ್ಲಿ ಶಿಕ್ಷಣ ಇಲಾಖೆ ದೂರದರ್ಶನ ಚಂದನದ ಮೂಲಕ 8, 9, 10ನೆಯ ತರಗತಿಗಳಿಗೆ ‘ಸಂವೇದ’ ಪಾಠಗಳನ್ನು ಆರಂಭಿಸಿತು. ಆಗ ಸಿಂದಗಿ ಕಡೆಯ ಒಂದು ಹೊಲದ ಮನೆಯಲ್ಲಿ ಹತ್ತನೆಯ ತರಗತಿಯ ಹುಡುಗಿ ಟಿವಿಯ ಮುಂದೆ ನೋಟ್‌ಬುಕ್ ಹಿಡಿದು ಕುಳಿತಿದ್ದಳು. ಗಣಿತದ ಮೇಷ್ಟರ ಮುಖ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಮತ್ತೆ ಚಿತ್ರ ಬರುವಷ್ಟರಲ್ಲಿ ಲೆಕ್ಕ ಮುಗಿದಿರುತ್ತಿತ್ತು. ಪರದೆಯಲ್ಲಿ ‘ಸ್ಟ್ರೆಂತ್’ ಪಟ್ಟಿ ತುಂಬಿತ್ತು, ‘ಕ್ವಾಲಿಟಿ’ ಪಟ್ಟಿ ತಳದಲ್ಲಿತ್ತು. ಮಾಳಿಗೆಯ ಮೇಲೆ ಹೋಗಿ ನೋಡಿದರೆ, ತಂತಿ ಸಾಲದೆ ನಡುವೆ ಎರಡು ತುಂಡುಗಳನ್ನು ಕರೆಂಟಿನ ವೈರಿನಂತೆ ಹೊಸೆದು ಟೇಪು ಸುತ್ತಿದ್ದರು. ಒಳಗೆ ಮಳೆನೀರು ಇಳಿದು ಹಸಿರುಗಟ್ಟಿತ್ತು. ತಂದೆ ಹೊಸ ಟಿವಿಗಾಗಿ ಸಾಲ ಮಾಡುವ ಯೋಚನೆಯಲ್ಲಿದ್ದರು. ಬೇಕಾಗಿದ್ದದ್ದು ಜೋಡಣೆಯಿಲ್ಲದ ಒಂದೇ ಉದ್ದದ ತಂತಿ, ಅದರ ತುದಿಗಳಿಗೆ ಎರಡು ಎಫ್ ಕನೆಕ್ಟರ್.

ಹೊಸೆದರೆ ಏಕೆ ಕೆಡುತ್ತದೆ? ಈ ತಂತಿಯ ನಡುವೆ ಒಂದು ಎಳೆ, ಅದರ ಸುತ್ತ ಬಿಳಿಯ ನೊರೆಯಂಥ ಪ್ಲಾಸ್ಟಿಕ್, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ತಂತಿಯ ಹೆಣಿಗೆ, ಕೊನೆಗೆ ಹೊರಗಿನ ಕವಚ. ಎಳೆಗೂ ಹೆಣಿಗೆಗೂ ನಡುವಿನ ಅಂತರ ಎಲ್ಲೆಡೆ ಒಂದೇ ಇದ್ದರೆ ಮಾತ್ರ 75 ಓಮ್ ಎಂಬ ಅದರ ಗುಣ ಉಳಿಯುತ್ತದೆ. ಹೊಸೆದಲ್ಲಿ, ಚಪ್ಪಟೆಯಾದಲ್ಲಿ, ಚೂಪಾಗಿ ಮಡಿಸಿದಲ್ಲಿ ಆ ಅಂತರ ಕೆಡುತ್ತದೆ. ಸಂಕೇತದ ಒಂದು ಭಾಗ ಗೋಡೆಗೆ ಎಸೆದ ಚೆಂಡಿನಂತೆ ಹಿಂದಕ್ಕೆ ಪುಟಿಯುತ್ತದೆ. ಒಳ್ಳೆಯ ಆರ್‌ಜಿ-6 ತಂತಿಯೂ 1000 ಮೆಗಾಹರ್ಟ್ಸ್‌ನಲ್ಲಿ 100 ಮೀಟರಿಗೆ ಸುಮಾರು 20 ಡೆಸಿಬೆಲ್ ನುಂಗುತ್ತದೆ. 3 ಡೆಸಿಬೆಲ್ ಎಂದರೆ ಅರ್ಧ ಶಕ್ತಿ. ಅಂದರೆ 15 ಮೀಟರ್ ಸಾಗುವಷ್ಟರಲ್ಲಿ ಅರ್ಧ ಹೋಯಿತು. ಎರಡನೆಯ ಟಿವಿಗೆಂದು ನಡುವೆ ಸ್ಪ್ಲಿಟರ್ ಹಾಕಿದರೆ ಉಳಿದುದರಲ್ಲಿ ಮತ್ತೆ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಅದಕ್ಕೇ ಎರಡು ಬಾಯಿಯ ಎಲ್‌ಎನ್‌ಬಿ ಹಾಕಿಸಿ, ಎರಡು ತಂತಿಗಳನ್ನು ಬೇರೆಬೇರೆಯಾಗಿ ಎಳೆಸಿರಿ ಎನ್ನುತ್ತೇನೆ.

ತಂತಿ ಕೊಳ್ಳುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಒಯ್ಯಿರಿ. ನಡುವಿನ ಎಳೆ ಅಂಟಿಕೊಂಡರೆ ಅದು ತಾಮ್ರ ಲೇಪಿಸಿದ ಉಕ್ಕು. ಸಂಕೇತವೇನೋ ಎಳೆಯ ಮೇಲ್ಮೈಯಲ್ಲಿಯೇ ಹರಿಯುವುದರಿಂದ ಅದಕ್ಕೆ ಅಷ್ಟು ಬಾಧೆಯಿಲ್ಲ. ಆದರೆ ಇದೇ ತಂತಿಯ ಮೂಲಕ ಪೆಟ್ಟಿಗೆಯಿಂದ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ವಿದ್ಯುತ್ ಮೇಲೇರಬೇಕು. ಅದಕ್ಕೆ ಇಡೀ ಎಳೆ ಬೇಕು. ತಂತಿ ಉದ್ದವಾದಷ್ಟೂ ಉಕ್ಕಿನ ಎಳೆಯಲ್ಲಿ ಆ ವೋಲ್ಟೇಜ್ ಹೆಚ್ಚು ಕುಸಿಯುತ್ತದೆ. ಹೊರಗಿನ ಕವಚವನ್ನೂ ನೋಡಿರಿ. ನಮ್ಮ ಬಿಸಿಲು 40 ಡಿಗ್ರಿ ದಾಟುವಂಥದ್ದು. ತೆಳುವಾದ ಬಿಳಿ ಕವಚ ಕೆಲವೇ ಬೇಸಿಗೆಗಳಲ್ಲಿ ಬಿರಿಯುತ್ತದೆ. ಮಾಳಿಗೆಯ ಮೇಲೆ ಬಿಸಿಲು ತಡೆಯುವ ಕಪ್ಪು ಕವಚವೇ ಲೇಸು. ಗೋಡೆಯೊಳಗೆ ಹೋಗುವ ಮುನ್ನ ತಂತಿಯನ್ನು ಕೆಳಕ್ಕೆ ಬಾಗಿಸಿ ಮೇಲೆತ್ತಿದರೆ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ನನ್ನ ಅಸಮಾಧಾನವೆಲ್ಲ ಗುರುತು ಮುದ್ರೆಯಿಲ್ಲದ ಅಗ್ಗದ ತಂತಿಯ ಬಗ್ಗೆ. ಅದನ್ನು ಕೊಳ್ಳುವವರು ಹೆಚ್ಚಾಗಿ ಬಡವರು. ಪುಕ್ಕಟೆ ಚಾನೆಲ್ ನಂಬಿದವರೂ ಅವರೇ. ಅಂಗಡಿಯವನು ಮೀಟರಿಗೆ ಉಳಿಸಿದ ನಾಲ್ಕಾರು ರೂಪಾಯಿಯ ಬೆಲೆಯನ್ನು ಮನೆಯ ಮಗು ತೆರುತ್ತದೆ. ನಿಮ್ಮಲ್ಲಿ ಅನೇಕರು ವೈರ್‌ಮನ್ ಆಗಿದ್ದೀರಿ, ಕೆಲವರಿಗೆ ಸ್ವಂತ ಅಂಗಡಿಗಳೂ ಇವೆ. ಹೊಲದ ಮನೆಯವರು ಬಂದು ತಂತಿ ಕೇಳಿದಾಗ ‘ಎಷ್ಟು ಉದ್ದ ಬೇಕು’ ಎನ್ನುವ ಮೊದಲು ‘ಮನೆಯಾಗ ಸಾಲಿ ಹುಡುಗರು ಅದಾರೇನು’ ಎಂದು ಕೇಳಿ, ಒಳ್ಳೆಯದನ್ನೇ ತೋರಿಸಿರಿ. ಕನೆಕ್ಟರನ್ನು ಕೈಯಿಂದ ತುರುಕಿ ಬಿಡದೆ, ಅದಕ್ಕೆಂದೇ ಇರುವ ಇಕ್ಕಳದಿಂದ ಒತ್ತಿ ಕೂರಿಸಿರಿ. ಡಿಶ್ಶಿನ ಕಂಬಕ್ಕೆ ಭೂಸಂಪರ್ಕ ಕೊಡಿರಿ. ಸಿಡಿಲಿನ ಮಳೆ ಬರುವಂತಿದ್ದರೆ ಮೊದಲೇ ಪ್ಲಗ್ಗನ್ನೂ ಈ ತಂತಿಯನ್ನೂ ಕಳಚಿಡಬೇಕೆಂದು ಮನೆಯವರಿಗೆ ಹೇಳಿ ಬನ್ನಿರಿ.