ಹತ್ತರಲ್ಲೊಂದು, ಇಪ್ಪತ್ತರಲ್ಲೊಂದು

ರಂಜಾನ್ ತಿಂಗಳು ಬಂದಿತೆಂದರೆ ರಾಯಚೂರು ನಗರದಲ್ಲಾಗಲಿ, ಮಾನ್ವಿ, ದೇವದುರ್ಗಗಳಲ್ಲಾಗಲಿ ನೆರೆಯ ಮುಸಲ್ಮಾನ ಬಂಧುಗಳು ಝಕಾತಿನ ಲೆಕ್ಕಕ್ಕೆ ಕೂಡುವುದನ್ನು ನಾವೆಲ್ಲ ಬಲ್ಲೆವು. ಅದೇನೆಂದು ಯಾರಾದರೂ ಕೇಳಿದರೆ ‘ನೂರಕ್ಕೆ ಎರಡೂವರೆ’ ಎಂದು ಹೇಳಿ ಸುಮ್ಮನಾಗುತ್ತೇವೆ. ದಾಸೋಹದ ಮಾತು ನಿತ್ಯವೂ ಕೇಳಿಬರುವ ಮನೆಗಳಲ್ಲಿ ನೆರೆಯವರ ದಾನವಿಧಾನದ ಪರಿಚಯ ಇಷ್ಟಕ್ಕೇ ನಿಲ್ಲಬಾರದು.

ನೂರಕ್ಕೆ ಎರಡೂವರೆಯೆಂಬುದು ಹಣ, ಬಂಗಾರ, ಬೆಳ್ಳಿ, ವ್ಯಾಪಾರದ ಸರಕುಗಳಿಗೆ ಸಂಬಂಧಿಸಿದ್ದು. ಏಳೂವರೆ ತೊಲ ಬಂಗಾರ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿಯ ಮಟ್ಟದ ಸಂಪತ್ತುಳ್ಳವರು ಒಂದು ಚಾಂದ್ರಮಾನ ವರ್ಷ ಕಳೆದ ಮೇಲೆ ಅದನ್ನು ಕೊಡಲೇಬೇಕು. ಭೂಮಿಯ ಬೆಳೆಗೆ ನಿಯಮವೇ ಬೇರೆ. ಅದರ ಹೆಸರು ಉಶ್ರ್. ಅರಬ್ಬಿಯಲ್ಲಿ ಹತ್ತನೆಯ ಒಂದು ಪಾಲು ಎಂದರ್ಥ. ಮಳೆಯಿಂದ ಬೆಳೆದುದರಲ್ಲಿ ಹತ್ತರಲ್ಲೊಂದು ಪಾಲು, ನೀರೆತ್ತಿ ಬೆಳೆದುದರಲ್ಲಿ ಇಪ್ಪತ್ತರಲ್ಲೊಂದು. ವರ್ಷ ತುಂಬಲೆಂದು ಕಾಯುವಂತಿಲ್ಲ, ಸುಗ್ಗಿಯಲ್ಲೇ ಕೊಡತಕ್ಕದ್ದು.

ನಮ್ಮ ಸೀಮೆಗೆ ಇದನ್ನು ಅನ್ವಯಿಸಿ ನೋಡೋಣ. ದೇವದುರ್ಗದ ಕಡೆ ಮಳೆಯನ್ನೇ ನಂಬಿ ತೊಗರಿ ಬೆಳೆದವನು ಹತ್ತು ಚೀಲಕ್ಕೊಂದು ಚೀಲ ತೆಗೆದಿಡಬೇಕು. ಕೃಷ್ಣೆಯ ದಂಡೆಯಲ್ಲಿ ಪಂಪುಸೆಟ್ಟು ಹಚ್ಚಿ ಭತ್ತ ಬೆಳೆದವನಿಗೆ ಇಪ್ಪತ್ತಕ್ಕೊಂದು. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಾನೇ ಹರಿದು ಬರುತ್ತದೆ, ಆದರೆ ಅದಕ್ಕೆ ಕರವುಂಟು. ನೀರಿಗೆ ಹಣ ತೆತ್ತದ್ದನ್ನೂ ಖರ್ಚಿನ ಲೆಕ್ಕಕ್ಕೇ ಸೇರಿಸಿ ಅನೇಕ ವಿದ್ವಾಂಸರು ಅಲ್ಲಿಯೂ ಇಪ್ಪತ್ತರ ಪಾಲನ್ನೇ ಹೇಳಿದ್ದಾರೆ. ಭಾರತದ ಭೂಮಿಗೆಲ್ಲ ಈ ನಿಯಮ ಸಲ್ಲುವುದೇ ಎಂಬುದರಲ್ಲಿಯೂ ಉಲೇಮಾಗಳಲ್ಲಿ ಭಿನ್ನಮತವಿದೆ. ಸುಮಾರು ಆರೂವರೆ ಕ್ವಿಂಟಲ್‌ಗಿಂತ ಕಡಿಮೆ ಬೆಳೆದವನಿಗೆ ವಿನಾಯಿತಿಯೆಂದು ಹಲವರ ಮತ. ಇಮಾಮ್ ಅಬೂ ಹನೀಫಾ ಅವರು ಆ ಮಿತಿಯನ್ನೂ ಒಪ್ಪಲಿಲ್ಲ.

ನಮಗೆ ಇಲ್ಲಿ ಒಂದು ಸಂದೇಹವುಂಟು. ನಮ್ಮ ಜಿಲ್ಲೆಯಲ್ಲಿ ಮಳೆಯಾಶ್ರಿತ ರೈತನೇ ಸಾಮಾನ್ಯವಾಗಿ ಬಡವ. ಅವನ ಪಾಲೇ ಇಮ್ಮಡಿಯಾಯಿತಲ್ಲ! ನಿಯಮವು ನೀರಿನ ಖರ್ಚನ್ನು ನೋಡುತ್ತದೆ, ಮಳೆಯ ಚಂಚಲತೆಯನ್ನಲ್ಲ. ಬೆಳೆಯೇ ಬಾರದ ವರ್ಷ ಪಾಲೂ ಇಲ್ಲವೆಂಬುದು ನಿಜ. ಆದರೆ ಅರೆಬರೆ ಬಂದ ವರ್ಷದಲ್ಲಿ ಬೀಜ, ಗೊಬ್ಬರ, ಕೂಲಿಗಳನ್ನು ಕಳೆಯದೆ ರಾಶಿಯಿಂದಲೇ ಅಳೆಯಬೇಕೆಂಬ ಹನಫಿ ಕಟ್ಟಳೆ ಬಿಗಿಯಾಗಿಯೇ ಕಾಣುತ್ತದೆ. ಇದಕ್ಕೆ ಪರಿಹಾರ ಪಡೆಯುವವರ ಪಟ್ಟಿಯಲ್ಲಿದೆ. ಕುರಾನಿನ ಒಂಬತ್ತನೆಯ ಅಧ್ಯಾಯವು ಝಕಾತಿಗೆ ಅರ್ಹರಾದ ಎಂಟು ವರ್ಗಗಳನ್ನು ಹೇಳುತ್ತದೆ. ಬಡವರು, ದಾರಿಹೋಕರೊಡನೆ ಸಾಲದಲ್ಲಿ ಸಿಲುಕಿದವರೂ ಅಲ್ಲಿದ್ದಾರೆ. ಒಂದು ಸುಗ್ಗಿಯಲ್ಲಿ ಕೊಟ್ಟ ರೈತನು ಮುಂದಿನ ಬರದಲ್ಲಿ ಪಡೆಯಲು ಅರ್ಹನಾಗಬಹುದು. ರೈತನ ಸಾಲ ಮನೆಯನ್ನೇ ನುಂಗುವುದನ್ನು ಕಂಡಿರುವ ಈ ಸೀಮೆಯಲ್ಲಿ ಆ ಒಂದು ಪದಕ್ಕೆ ಬಹಳ ಬೆಲೆಯಿದೆ.

ಫಿತ್ರಾ ಇದಕ್ಕಿಂತ ಸರಳ. ಈದ್ ನಮಾಜಿಗೆ ಮುನ್ನ ಮನೆಯ ಹಸುಗೂಸಿನ ಲೆಕ್ಕವನ್ನೂ ಹಿಡಿದು ತಲೆಗೆ ಸುಮಾರು ಒಂದೂಮುಕ್ಕಾಲು ಕಿಲೋ ಗೋಧಿ ಅಥವಾ ಅದರ ಬೆಲೆ. ಬಡವನ ಮನೆಯಲ್ಲೂ ಹಬ್ಬದ ಒಲೆ ಉರಿಯಲೆಂದು. ವಕ್ಫ್ ಎಂದರೆ ಮಾರದಂತೆ ಬಿಟ್ಟ ಆಸ್ತಿ, ಅದರ ಆದಾಯ ಮಾತ್ರ ಧರ್ಮಕ್ಕೆ. 2025ರ ಕಾನೂನು ತಿದ್ದುಪಡಿಯ ವಾದವಿವಾದ ಈ ಅಂಕಣದ ವಿಷಯವಲ್ಲ. ಝಕಾತ್ ಮುಸಲ್ಮಾನರಿಗೇ ಸಲ್ಲಬೇಕೆಂದು ಹೆಚ್ಚಿನ ಪಂಡಿತರ ಮತ. ಆದರೆ ಸದಖಾ ಎಂಬ ಸ್ವಇಚ್ಛೆಯ ದಾನಕ್ಕೆ ಅಳತೆಯೂ ಇಲ್ಲ, ಜಾತಿಮತದ ಕಟ್ಟೂ ಇಲ್ಲ.

ಹೆತ್ತವರಿಗೆ, ಮಕ್ಕಳಿಗೆ ಝಕಾತ್ ಕೊಡುವಂತಿಲ್ಲ. ಅವರನ್ನು ಸಾಕುವುದು ಹೇಗೂ ಕರ್ತವ್ಯವೇ. ಬಡ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಕೊಡಬಹುದು. ಕೊಡುವಾಗ ಇದು ಝಕಾತ್ ಎಂದು ಹೇಳಲೇಬೇಕೆಂಬ ನಿಯಮವಿಲ್ಲ. ಮಕ್ಕಳ ಬಟ್ಟೆಗೆಂದೋ ಬಿತ್ತನೆಯ ಬೀಜಕ್ಕೆಂದೋ ಕೈಗಿತ್ತರೂ ಕೊಡುವವನ ಮನದ ಸಂಕಲ್ಪ ಸಾಕು.